ಒಂದೇ ದಂಡಿ, ಮೂರು ಕಾಲ

ಹಕ್ಕಿ ಬಗ್ಗೆ ಬರೀಬೇಕಂದ್ರ ಒಂದೇ ಜಾಗ ಹಿಡೀರಿ, ವರ್ಷಪೂರ್ತಿ ಅಲ್ಲಿಗೇ ಹೋಗ್ರಿ. ನಂದು ಬಾಗಲಕೋಟಿ ಹತ್ರದ ಆಲಮಟ್ಟಿ ಹಿನ್ನೀರು. ಚಳಿಗಾಲದಾಗ ಬೆಳಕು ಹರಿಯೂದ್ರೊಳಗ ದಂಡಿ ಮ್ಯಾಲಿರ್ರಿ: ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಕಡ್ಲಿ ಹೊಲಕ್ಕ ಇಳೀತಾವ. ತಲಿ ಹಿಂದ ಎರಡು ಕರೀ ಪಟ್ಟಿ ಅದಾವೋ ನೋಡ್ರಿ. ಎಷ್ಟು ಹಕ್ಕಿ, ಯಾವ ತಾರೀಖು, ಗಾಳಿ ಹೆಂಗಿತ್ತು, ಅಲ್ಲೇ ಬರಕೋರಿ. ಮನಿಗೆ ಬಂದು ಬರದದ್ದು ಅರ್ಧ ಸುಳ್ಳಾಗತೈತಿ, ನಂದೂ ಆಗೇತಿ.

ಬ್ಯಾಸಗಿಯಾಗ ನೀರು ಇಳಿದ ಬಯಲಿನ್ಯಾಗ ನದಿ ರೀವ ಅನ್ನೋ ನೀರಹಕ್ಕಿ (ರಿವರ್ ಟರ್ನ್) ಬರೀ ನೆಲದ ಮ್ಯಾಲ ಮೊಟ್ಟಿ ಇಡತೈತಿ. ಒಮ್ಮೆ ನನ್ನ ಚಪ್ಪಲಿ ಆ ಮೊಟ್ಟಿಯಿಂದ ಗೇಣು ದೂರದಾಗ ನಿಂತಿತ್ತು! ಆವತ್ತಿಂದ ದೂರ ನಿಂತು ದುರ್ಬೀನಿನ್ಯಾಗ ನೋಡೂದಷ್ಟ.

ಮಳಿಗಾಲಕ್ಕ ಜಾಲಿ ಗಿಡ ಸಾಕು. ಗಂಡು ಗೀಜಗ ಅರ್ಧ ಹೆಣೆದ ಗೂಡಿಗೆ ಜೋತುಬಿದ್ದು ರೆಕ್ಕಿ ಬಡೀತೈತಿ. ಹೆಣ್ಣು ಒಲ್ಲೆ ಅಂದ್ರ ಇನ್ನೊಂದು ಗೂಡು ಸುರು.