ಜಾಮ್ ಆಗಿದ್ದ ಜಾವಾ ಎಂಜಿನ್ನನ್ನು ಗ್ರೀಸ್ ಗನ್ನಿನಿಂದ ಬಿಡಿಸಿದ ನನ್ನ ಅನುಭವ

ಟೂ ಸ್ಟ್ರೋಕ್ ಎಂಜಿನ್ ಜಾಮ್ ಆದರೆ ಪ್ಲಗ್ ರಂಧ್ರದಿಂದ ಗ್ರೀಸ್ ತುಂಬಿ ಅದರ ಒತ್ತಡದಿಂದ ಪಿಸ್ಟನ್ ತಳ್ಳುವ ಗ್ರೀಸ್ ಗನ್ ಉಪಾಯ ನಡೆಯುವುದಿಲ್ಲ, ಪಂಪ್ ಮಾಡಿದ್ದೆಲ್ಲ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳಾದ ಪೋರ್ಟುಗಳಿಂದ ಹೊರಗೆ ಬರುತ್ತದೆ ಎಂದು ಶಿವಮೊಗ್ಗದ ಹಳೆಯ ಮೆಕ್ಯಾನಿಕ್‌ಗಳೂ ಮೈಸೂರಿನಲ್ಲಿ ಜಾವಾ ಕೆಲಸದಲ್ಲೇ ಕೂದಲು ನರೆಸಿಕೊಂಡ ಒಬ್ಬ ಹಿರಿಯರೂ ನನಗೆ ಖಚಿತವಾಗಿ ಹೇಳಿದ್ದರು. ಅವರ ಮಾತು ಅರ್ಧ ಮಾತ್ರ ಸರಿ, ಪಿಸ್ಟನ್ ಎಲ್ಲಿ ನಿಂತಿದೆ ಎಂಬುದನ್ನು ನೋಡದೆ ಹಾಗೆ ತೀರ್ಮಾನಿಸಬಾರದು ಎಂಬುದು ನನ್ನ ವಾದವಾಗಿತ್ತು. ಎಂಜಿನ್ ಈಗ ಓಡುತ್ತಿರುವುದರಿಂದ ಆ ವಾದವನ್ನು ಬರೆದಿಡುವ ಧೈರ್ಯ ಬಂದಿದೆ.

ಗಾಡಿ 1960ರ ದಶಕದ ಕೊನೆಯ ಮೈಸೂರು ಜಾವಾ 250. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯೊಂದರ ಕೊಟ್ಟಿಗೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. ನಾನು ಕೊಟ್ಟದ್ದು ಸುಮಾರು 45 ಸಾವಿರ ರೂಪಾಯಿ. ಎರಡು ಸೈಲೆನ್ಸರುಗಳಲ್ಲಿ ಒಂದು ಇರಲೇ ಇಲ್ಲ. ಮಲೆನಾಡಿನ ಮಳೆಗಾಲದ ತೇವವು ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ, ಈಗ ತೆರೆದಿದ್ದ ಬೆಂಡ್ ಪೈಪಿನ ಮೂಲಕ ನೇರವಾಗಿ ಪೋರ್ಟಿನವರೆಗೆ ಹೋಗಿ, ಬೀಡು ಕಬ್ಬಿಣದ ಸಿಲಿಂಡರಿನ ತುಕ್ಕೂ ಅಲ್ಯೂಮಿನಿಯಂ ಪಿಸ್ಟನ್ನಿನ ಬಿಳಿ ಪುಡಿಯೂ ಸೇರಿ ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಓಡುವಾಗ ಎಣ್ಣೆ ಸಾಲದೆ ಆಗುವ ಸೀಜ್ ಬೇರೆ, ನಿಂತಲ್ಲೇ ತುಕ್ಕು ಹಿಡಿದು ಆಗುವ ಜಾಮ್ ಬೇರೆ. ಎರಡನೆಯದರಲ್ಲಿ ರಿಂಗುಗಳು ಸಾಮಾನ್ಯವಾಗಿ ಮುರಿದಿರುವುದಿಲ್ಲ, ಆದರೆ ಬಿಡಿಸುವುದು ಮೊದಲನೆಯದಕ್ಕಿಂತ ಕಷ್ಟ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ಲಗ್ ರಂಧ್ರದಿಂದ ಡೀಸೆಲ್ ಸುರಿದು ಎರಡು ವಾರ ಬಿಟ್ಟೆ. ಡೀಸೆಲ್ ಸುರಿದಷ್ಟೂ ಹಾಗೆಯೇ ನಿಂತಿತ್ತು. ಬ್ರೇಕ್ ಆಯಿಲ್ ಹಾಕಿದೆ, ಅದರಿಂದಲೂ ಫಲವಿಲ್ಲ. ಗೇರ್ ಹಾಕಿ ಗಾಡಿಯನ್ನು ಹಿಂದೆ ಮುಂದೆ ತಳ್ಳಿದರೆ ಹಿಂದಿನ ಟೈರ್ ನೆಲದ ಮೇಲೆ ಜಾರಿತೇ ಹೊರತು ಕ್ರ್ಯಾಂಕ್ (ಪಿಸ್ಟನ್ನಿಗೆ ರಾಡಿನಿಂದ ಜೋಡಿಸಿದ, ಎಂಜಿನ್ನಿನೊಳಗೆ ತಿರುಗುವ ದಂಡ) ಕದಲಲಿಲ್ಲ. ಕಿಕ್ಕರ್ ಮೇಲೆ ನಿಂತು ಜಿಗಿಯುವ ಕೆಲಸವನ್ನು ನಾನು ಯಾರಿಗೂ ಬಿಡಲಿಲ್ಲ, ಏಕೆಂದರೆ ಹಾಗೆ ಮುರಿದ ಕಿಕ್ ಹಲ್ಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಳಿಕ ಬ್ಲೋ ಲ್ಯಾಂಪಿನಿಂದ ಸಿಲಿಂಡರ್ ಕಾಯಿಸಿ ನೋಡಿದೆವು. ಬಿಸಿಗೆ ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ, ಕಾವು ಒಳಗೆ ತಲುಪಿದ ಮೇಲೆ ಪಿಸ್ಟನ್ ಇನ್ನಷ್ಟು ಬಿಗಿಯಾಗುತ್ತದೆ. ಕಾಯಿಸಿದ್ದರ ಲಾಭ ಆರುವಾಗ ಸಿಗುತ್ತದೆ: ಪಿಸ್ಟನ್ ಕುಗ್ಗುವ ಹೊತ್ತಿನಲ್ಲಿ ಮೇಲಿರುವ ಎಣ್ಣೆ ಸಂದಿಗೆ ಇಳಿಯುತ್ತದೆ. ಹೀಗೆ ಸಂಜೆ ಕಾಯಿಸಿ ರಾತ್ರಿ ಆರಲು ಬಿಡುವುದನ್ನು ಮುಂದೆಯೂ ಉಳಿಸಿಕೊಂಡೆ. ಎಷ್ಟು ಬಿಸಿ, ಯಾವ ಕಡೆಯಿಂದ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಸಾಕಷ್ಟು ಗ್ಯಾಸ್ ಖರ್ಚಾಗಿದೆ.

ಯಾವ ಎಣ್ಣೆ ಉತ್ತಮ ಎಂಬ ಜಗಳ ಎಲ್ಲ ಗ್ಯಾರೇಜಿನಲ್ಲೂ ಇರುವುದರಿಂದ ನಡುವೆ ಒಂದು ಪರೀಕ್ಷೆಯನ್ನೂ ಮಾಡಿದೆ. ಒಂದೇ ಗುಜರಿಯಿಂದ ತಂದ, ತುಕ್ಕು ಹಿಡಿದ ಬೋಲ್ಟ್ ನಟ್ಟುಗಳನ್ನು ಉಪ್ಪಿನಕಾಯಿ ಬಾಟಲಿಗಳಲ್ಲಿ ಹಾಕಿ, ಒಂದಕ್ಕೆ ಡೀಸೆಲ್, ಒಂದಕ್ಕೆ ಸೀಮೆಎಣ್ಣೆ, ಒಂದಕ್ಕೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ) ಮತ್ತು ಅಸಿಟೋನ್ ಸಮ ಮಿಶ್ರಣ ಸುರಿದು ಒಂದು ವಾರ ಇಟ್ಟೆ. ಎಟಿಎಫ್ ಮಿಶ್ರಣದ ನಟ್ಟುಗಳು ಎಲ್ಲಕ್ಕಿಂತ ಸುಲಭವಾಗಿ ಬಿಟ್ಟವು, ಡೀಸೆಲ್ ಎರಡನೆಯದು. ಕೊಬ್ಬರಿ ಎಣ್ಣೆಯದು ನಾನೆಣಿಸಿದ್ದಕ್ಕಿಂತ ಚೆನ್ನಾಗಿಯೇ ಇತ್ತು, ಆದರೆ ಚಳಿಗೆ ಹೆಪ್ಪುಗಟ್ಟುತ್ತದೆ. ಎಂಜಿನ್ನಿಗೆ ಎಟಿಎಫ್ ಮಿಶ್ರಣ ಹಾಕಿದಾಗ ಮಟ್ಟ ನಿಧಾನವಾಗಿ ಇಳಿಯತೊಡಗಿತು, ಅಂದರೆ ಸಂದಿ ತೆರೆದಿತ್ತು. ಆದರೂ ಪಿಸ್ಟನ್ ಕದಲಲಿಲ್ಲ.

ಈ ಹಂತದಲ್ಲಿ ಬಂದ ಸಲಹೆ ಎಂದರೆ ಪಿಸ್ಟನ್ನನ್ನು ಉಳಿಯಿಂದ ಒಡೆಯುವುದು, ಇಲ್ಲವೇ ಸಿಲಿಂಡರನ್ನೇ ಕೊಯ್ಯುವುದು. ಬೇರೆ ಎಂಜಿನ್ ಕೂರಿಸಿ ಕೊಡಲು ಒಬ್ಬರು ಕೇಳಿದ್ದು 38 ಸಾವಿರ. ಉಳಿಯ ಪೆಟ್ಟು ಕನೆಕ್ಟಿಂಗ್ ರಾಡಿಗೂ ಬೀಳುತ್ತದೆ, ಮೈಸೂರಿನ ಮೂಲ ಸಿಲಿಂಡರ್ ಈಗ ಕೇಳಿದಾಗಲೆಲ್ಲ ಸಿಗುವ ವಸ್ತುವೂ ಅಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಜಾವಾ ಕಾರ್ಖಾನೆ ಮುಚ್ಚಿದ್ದೇ 1996ರಲ್ಲಿ.

ಪಿಸ್ಟನ್ ನಿಂತ ಸ್ಥಾನವನ್ನು ಸೈಕಲ್ ಕಡ್ಡಿ ಇಳಿಸಿ ಅಳೆದೆ. ನನ್ನಲ್ಲಿರುವ ಇನ್ನೊಂದು ಜಾವಾದ ಪಿಸ್ಟನ್ನನ್ನು ಪೂರ್ತಿ ಮೇಲೆ ತಂದು ಹೋಲಿಸಿದಾಗ, ಇದು ತುದಿಯಿಂದ 30 ಮಿಲಿಮೀಟರಿನಷ್ಟು ಕೆಳಗೆ ಇತ್ತು. ಬೋರ್ (ಸಿಲಿಂಡರಿನ ಒಳ ಅಗಲ) 65, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) 75 ಮಿಲಿಮೀಟರಿನ ಎಂಜಿನ್ ಇದು. ಅಷ್ಟು ಮೇಲಿದ್ದರೆ ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟುಗಳೂ ಕ್ರ್ಯಾಂಕ್ ಕೇಸಿನಿಂದ ಪೆಟ್ರೋಲ್ ಮಿಶ್ರಣ ಮೇಲೆ ಬರುವ ಟ್ರಾನ್ಸ್‌ಫರ್ ಪೋರ್ಟುಗಳೂ ಪಿಸ್ಟನ್ನಿನಿಂದಲೇ ಮುಚ್ಚಿರುತ್ತವೆ. ಬೆಂಡ್ ಪೈಪ್ ಕಳಚಿ ಟಾರ್ಚ್ ಬಿಟ್ಟಾಗ ಪೋರ್ಟಿನ ತುಂಬ ಪಿಸ್ಟನ್ನಿನ ಮೈಯೇ ಕಂಡಿತು. ಹಾಗಾದರೆ ಗ್ರೀಸ್ ರಿಂಗುಗಳ ಸಂದಿಯಲ್ಲಿ ಅಲ್ಪಸ್ವಲ್ಪ ಜಿನುಗಬಹುದೇ ಹೊರತು ಹರಿದುಹೋಗಲು ದಾರಿಯಿಲ್ಲ. ಕ್ರ್ಯಾಂಕ್ ಕೂಡ ಓರೆಯಲ್ಲಿ ನಿಂತಿರುವುದರಿಂದ ಕೆಳಗೆ ಒತ್ತಿದ ಬಲ ತಿರುಗುವ ಕಡೆಗೇ ಹೋಗುತ್ತದೆ. ಪಿಸ್ಟನ್ ತೀರಾ ತುದಿಯಲ್ಲಿದ್ದಿದ್ದರೆ ಆ ಬಲವೆಲ್ಲ ಬೇರಿಂಗುಗಳ ಮೇಲೆ ಬೀಳುತ್ತಿತ್ತು, ಆಗ ನಾನೂ ಕೈ ಹಾಕುತ್ತಿರಲಿಲ್ಲ.

ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಲೋಹದ ಮೈಗೆ ಲೇತಿನಲ್ಲಿ ಗ್ರೀಸ್ ನಿಪ್ಪಲ್ (ಗನ್ನಿನ ಬಾಯಿ ಸಿಕ್ಕಿಸುವ ಮೊಳೆ) ಕೂರಿಸಿದೆವು. ಲೇತಿನವರು ಸುಮಾರು 300 ರೂಪಾಯಿ ತೆಗೆದುಕೊಂಡರು. ಅದು ಸೋರದಂತೆ ಕೂರಿಸಿದ ಬಗೆ ಅವರ ಗುಟ್ಟು, ನಾನು ಬಿಟ್ಟುಕೊಡುವಂತಿಲ್ಲ. ಗಾಳಿ ಒಳಗೆ ಉಳಿದರೆ ಅದು ಅದುಮಿಕೊಂಡು ಕುಳಿತು, ಏನಾದರೂ ಬಿಟ್ಟುಕೊಟ್ಟಾಗ ಸಿಡಿಯುತ್ತದೆ. ಆದ್ದರಿಂದ ಪ್ಲಗ್ ರಂಧ್ರದ ಅಂಚಿನವರೆಗೂ ಎಣ್ಣೆ ತುಂಬಿದ ಮೇಲೆಯೇ ನಿಪ್ಪಲ್ ಬಿಗಿದೆ. ಹೆಡ್ಡಿನ ಮತ್ತು ಸಿಲಿಂಡರ್ ಬುಡದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆ. 65 ಮಿಲಿಮೀಟರ್ ಬೋರಿನ ವಿಸ್ತೀರ್ಣ ಸುಮಾರು 33 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 100 ಕಿಲೋ ಒತ್ತಡ ಬಂದರೆ ಪಿಸ್ಟನ್ ಮೇಲೆ ಮೂರು ಟನ್ನಿಗೂ ಹೆಚ್ಚು ಭಾರ ಬೀಳುತ್ತದೆ, ಕೈಯಿಂದ ಒತ್ತುವ ಗನ್ನಿಗೆ ಅದು ದೊಡ್ಡ ಮಾತಲ್ಲ. ಆದ್ದರಿಂದ ಹಿಡಿ ಬಿಗಿಯಾದೊಡನೆ ನಿಲ್ಲಿಸಿ, ಒತ್ತಡವನ್ನು ಹಾಗೆಯೇ ಬಿಟ್ಟು, ಗಂಟೆಗಳ ಅಂತರದಲ್ಲಿ ಒಂದೆರಡು ಒತ್ತು ಕೊಡುತ್ತ ಬಂದೆ.

ಮೊದಲ ದಿನ ಏನೂ ಆಗಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಟಪ್ ಎಂಬ ಶಬ್ದ ಬಂದು ಗನ್ನಿನ ಹಿಡಿ ಸಡಿಲವಾಯಿತು. ಹೆಡ್ ಬಿರುಕು ಬಿಟ್ಟಿತೆಂದು ನನ್ನ ಜೊತೆಗಿದ್ದವರು ನಿರ್ಧರಿಸಿಯೇ ಬಿಟ್ಟಿದ್ದರು. ಡೈನಮೋ ಕಡೆಯ ಮುಚ್ಚಳ ಮೊದಲೇ ತೆಗೆದಿಟ್ಟಿದ್ದೆ, ರೋಟರಿನ ಮೇಲೆ ಹಾಕಿದ್ದ ಸೀಮೆಸುಣ್ಣದ ಗುರುತು ಬೆರಳಗಲ ಸರಿದಿತ್ತು. ಅಲ್ಲಿಂದ ಮುಂದೆ ಒತ್ತಿದಂತೆಲ್ಲ ಇಳಿಯಿತು. ಕೊನೆಗೆ ಎರಡೂ ಎಕ್ಸಾಸ್ಟ್ ಪೋರ್ಟುಗಳಿಂದ ಶ್ಯಾವಿಗೆಯಂತೆ ಗ್ರೀಸ್ ಹೊರಬಂದಾಗ ಗನ್ನಿನ ಕೆಲಸ ಮುಗಿಯಿತು. ಒಂದು ಕಿಲೋ ಡಬ್ಬಿ ಪೂರ್ತಿ ಖಾಲಿಯಾಗಲಿಲ್ಲ. ಬಳಿಕ ನಾಲ್ಕನೇ ಗೇರಿನಲ್ಲಿ ಹಿಂದಿನ ಚಕ್ರ ಹಿಡಿದು ತಿರುಗಿಸಿದರೆ ಪಿಸ್ಟನ್ ಮೇಲೆ ಕೆಳಗೆ ಬಂದಿತು.

ಗ್ರೀಸೆಲ್ಲ ಕ್ರ್ಯಾಂಕ್ ಕೇಸಿಗೆ ಇಳಿದು ಕೆಡುತ್ತದೆ ಎಂಬ ಆಕ್ಷೇಪಕ್ಕೆ ನನ್ನ ಉತ್ತರವೆಂದರೆ, ಇಷ್ಟು ವರ್ಷ ನಿಂತ ಎಂಜಿನ್ನಿನ ಕೇಸನ್ನು ಹೇಗಿದ್ದರೂ ಬಿಚ್ಚಲೇಬೇಕು. ಆಯಿಲ್ ಸೀಲುಗಳು ಕಲ್ಲಾಗಿದ್ದವು, ಬೇರಿಂಗುಗಳಲ್ಲಿ ತುಕ್ಕಿನ ಗುಳಿಗಳಿದ್ದವು. ಸಿಲಿಂಡರಿನ ಗುಳಿಗಳು ಆಳವಾಗಿದ್ದುದರಿಂದ 0.50 ಸಾಲದೆ 1 ಮಿಲಿಮೀಟರ್ ಓವರ್‌ಸೈಜ್ (ಮೂಲಕ್ಕಿಂತ ಅಷ್ಟು ದಪ್ಪದ) ಪಿಸ್ಟನ್ನಿಗೆ ಸಿಲಿಂಡರ್ ಕೊರೆಸಿ ಬೋರ್ ಹಾಕಿಸಬೇಕಾಯಿತು. ಬೋರ್ ಆದ ಮೇಲೆ ಪೋರ್ಟುಗಳ ಅಂಚು ಚೂಪಾಗಿಯೇ ಉಳಿದಿತ್ತು. ರಿಂಗ್ ಸಿಕ್ಕಿ ಮುರಿಯದಂತೆ ಅದನ್ನು ನಾನೇ ಕೂತು ಸವರಿದೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುವುದಾದರೆ, ಕ್ರ್ಯಾಂಕ್ ಬಿಚ್ಚಿ ರಾಡ್ ಕಿಟ್ ಹಾಕಿ ಒತ್ತಿಸಿದ್ದಕ್ಕೆ ನಾಲ್ಕೂವರೆ ಸಾವಿರ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಪಿಸ್ಟನ್ ಕಿಟ್ಟಿಗೆ ಮೂರು ಸಾವಿರದ ಮೇಲೆ, ಬೋರ್ ಮತ್ತು ಹೋನಿಂಗ್ ಒಂಬೈನೂರು, ಬೇರಿಂಗ್ ಮತ್ತು ಸೀಲು ಎರಡೂವರೆ ಸಾವಿರ, ಕ್ಲಚ್ ಪ್ಲೇಟು, ಪ್ರೈಮರಿ ಚೈನು, ಗ್ಯಾಸ್ಕೆಟ್ಟಿಗೆ ನಾಲ್ಕು ಸಾವಿರ. ಎಣ್ಣೆಗಳ ವಿಫಲ ಪ್ರಯೋಗವೂ ಸೇರಿದರೆ ಹದಿನೇಳು ಹದಿನೆಂಟು ಸಾವಿರದಲ್ಲಿ ಮುಗಿಯಿತು. ಪೆಟ್ರೋಲಿಗೆ ಲೀಟರಿಗೆ 40 ಎಂ.ಎಲ್. ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ ಸಾವಿರ ಕಿಲೋಮೀಟರಿನಷ್ಟು ಓಡಿಸಿದ ಮೇಲೆ ಹೆಡ್ ತೆಗೆದು ನೋಡಿದೆ. ಬೋರಿನಲ್ಲಿ ಗೀರಿಲ್ಲ.

ಈಗ ಪರಿಚಯದವರ ಯೆಜ್ಡಿಯೊಂದು ನನ್ನ ಶೆಡ್ಡಿಗೆ ಬಂದಿದೆ. ಅದರ ಪಿಸ್ಟನ್ ತಳದಲ್ಲಿ ಕಚ್ಚಿಕೊಂಡಿದೆ, ಪೋರ್ಟುಗಳೆಲ್ಲ ತೆರೆದಿವೆ. ಅದಕ್ಕೆ ಗ್ರೀಸ್ ಗನ್ ಹಿಡಿಯುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಬುಡದ ನಟ್ಟುಗಳನ್ನು ತೆಗೆದು ಸಿಲಿಂಡರನ್ನು ಪಿಸ್ಟನ್ ಸಮೇತ ಮೇಲಕ್ಕೆ ಎಬ್ಬಿಸಿ, ಕೆಳಗಿನಿಂದ ಪಿನ್ ಕಂಡರೆ ಅದನ್ನು ಹೊರಡಿಸಿ, ಸಿಲಿಂಡರನ್ನು ನೇರವಾಗಿ ಹೈಡ್ರಾಲಿಕ್ ಪ್ರೆಸ್ಸಿಗೆ ಒಯ್ಯುವ ಯೋಚನೆಯಲ್ಲಿದ್ದೇನೆ.