ಒಡ್ಡಿನ ತಲೆ ಇಳಿಸಿದೆವು, ಕಗ್ಗ ಉಳಿಯಿತು

ಗಜನಿ, ಅಂದರೆ ಅಳಿವೆಯ ಉಪ್ಪುನೆಲಕ್ಕೆ ಒಡ್ಡು ಕಟ್ಟಿ ಮಾಡುವ ಗದ್ದೆ, ಮಾಡುವವರಿಗೆ ಒಡ್ಡು ಒಡೆದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ನಮ್ಮದು ಅಘನಾಶಿನಿ ಅಳಿವೆಯ ಒಂದು ಕುರ್ವೆ (ನಡುಗಡ್ಡೆ), ಕುಮಟಾ ತಾಲೂಕು. ನಾಲ್ಕೂ ದಿಕ್ಕಿಗೆ ಹೊಳೆ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವುದು, ಕೊಯ್ಲಾದ ಮೇಲೆ ಅದೇ ಗದ್ದೆಯನ್ನು ಸಿಗಡಿ-ಮೀನಿಗೆ ಹರಾಜು ಹಾಕುವುದು, ಅಷ್ಟೇ ನಮ್ಮ ವರ್ಷ. ಒಡ್ಡಿನ ವಿಷಯದಲ್ಲಿ ನಾವು ಮಾಡಿದ್ದನ್ನು ಕೇಳಿ ಊರೆಲ್ಲ ನಕ್ಕಿತ್ತು. ಈಗ ನಕ್ಕವರೇ ಅಳತೆ ಟೇಪು ಹಿಡಿದು ಬರುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

2019ರ ಆಗಸ್ಟ್ ನೆರೆಗೆ ನಮ್ಮ ಒಡ್ಡು ಮೂರು ಕಡೆ ಕಿತ್ತುಹೋಯಿತು. ಕಗ್ಗ ಮಾತ್ರ ಸಾಯಲಿಲ್ಲ. ವಾರ ಮುಳುಗಿದರೂ ತಲೆ ಎತ್ತುವ ಜಾತಿ ಅದು. ಕೊಂದದ್ದು ಆಮೇಲೆ. ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಚಂಡಮಾರುತ ಎಲ್ಲೋ ದೂರದ ಸಮುದ್ರದಲ್ಲಿ ಹೋದರೂ ಇಲ್ಲಿ ನೀರು ಉಬ್ಬಿತು. ನಾವು ಅರ್ಧಂಬರ್ಧ ಮುಚ್ಚಿದ್ದ ಬಾಯಿಗಳಿಂದ ಉಪ್ಪುನೀರು ತೆನೆ ತುಂಬಿದ ಗದ್ದೆಗೇ ನುಗ್ಗಿತು. ಜುಲೈ-ಆಗಸ್ಟಿನ ನೀರು ಸಿಹಿ, ಬಂದರೆ ಬರಲಿ. ಅಕ್ಟೋಬರಿನ ನೀರು ಬರಬಾರದು. ಅಂದರೆ ನೆರೆಗೆ ಒಡ್ಡು ಒಡೆಯಬಾರದು, ಅಷ್ಟು ಸಾಕು. ನೆರೆಯನ್ನೇ ತಡೆಯಬೇಕಾಗಿಲ್ಲ. ಈ ಲೆಕ್ಕ ಯಾರಿಗೂ ಹಿಡಿಸಲಿಲ್ಲ.

ಎಲ್ಲರ ಮಾತು ಒಂದೇ: ಒಡ್ಡು ಎತ್ತರಿಸಿ. ಎತ್ತರಿಸಿದೆವು. ಒಬ್ಬ ಗುತ್ತಿಗೆದಾರ ಬಂದು ಎರಡಡಿ ಮಣ್ಣು ಏರಿಸಿದ. ಪಾಲುದಾರರ ಕೈಯಿಂದ ನಾಲ್ಕು ಲಕ್ಷದ ಹತ್ತಿರ ಹೋಯಿತು. ಕೆಳಗಿರುವುದು ಕೆಸರು. ಮೇಲೆ ಭಾರ ಬಿದ್ದಂತೆ ಒಡ್ಡು ಹೂತುಕೊಂಡು ಹೋಗಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಳೆ ಮಟ್ಟಕ್ಕೇ ಬಂತು. ದುಡ್ಡು ಹೊಳೆಗೆ ಹೋಯಿತು ಎನ್ನುತ್ತಾರಲ್ಲ, ನಮ್ಮದು ಹೊಳೆಯ ತಳಕ್ಕೇ ಹೋಯಿತು!

ಒಡೆದ ಜಾಗಗಳನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಹೊರಗಿನ ನೀರು ಒಡ್ಡನ್ನು ತಳ್ಳಿ ಒಡೆಯುವುದು ಕಡಿಮೆ. ಮೇಲಿಂದ ಹಾರಿ ಒಳಗೆ ಬೀಳುವ ನೀರು ಒಳಬುಡವನ್ನು ಕೊರೆಯುತ್ತದೆ, ಆಮೇಲೆ ಒಡ್ಡು ಕುಸಿಯುತ್ತದೆ. ಒಳಗೆ ಮೊದಲೇ ನೀರಿದ್ದರೆ ಬೀಳುವ ಎತ್ತರವೇ ಇರುವುದಿಲ್ಲ. ಹಾಗಾಗಿ ನೀರು ಎಲ್ಲಿ ಹಾರಬೇಕು ಎಂದು ನಾವೇ ಜಾಗ ತೋರಿಸಿಬಿಡೋಣ ಎಂದೆ. ಹೊಳೆಯ ಸೆಳೆತ ಕಡಿಮೆ ಇರುವ ಬದಿಯಲ್ಲಿ ಅರವತ್ತಡಿಯಷ್ಟು ಉದ್ದಕ್ಕೆ ಒಡ್ಡಿನ ತಲೆಯನ್ನು ಒಂದೂವರೆ ಅಡಿ ಇಳಿಸುವುದು. ಅಕ್ಟೋಬರಿನ ಹುಣ್ಣಿಮೆ-ಅಮಾವಾಸ್ಯೆಯ ಭರತಕ್ಕಿಂತ (ಕಡಲಿನ ಉಬ್ಬರ) ಮೇಲೆ, ನೆರೆ ಮಟ್ಟಕ್ಕಿಂತ ಕೆಳಗೆ.

ಪಾಲುದಾರರ ಸಭೆಯಲ್ಲಿ ಹಿರಿಯರೊಬ್ಬರು, "ತಮಾ, ಎಲ್ಲರೂ ಒಡ್ಡು ಕಟ್ಟೂದು, ನೀನು ಕಡಿಯೂದಾ?" ಎಂದರು. ಕಚೇರಿಯೊಂದರಲ್ಲಿ ನಕ್ಷೆ ತೋರಿಸಿದೆ. ಇದಕ್ಕೆ ಯಾವ ಯೋಜನೆಯಲ್ಲೂ ತಲೆಬರಹ ಇಲ್ಲ ಎಂದು ವಾಪಸ್ ಕೊಟ್ಟರು. ಕೊನೆಗೆ ಸಿಗಡಿ ಹರಾಜಿನ ದುಡ್ಡಲ್ಲಿ ಒಂದು ಪಾಲು ಎತ್ತಿಟ್ಟು ಮಾಡಿದೆವು.

ಮೊದಲ ಸಲ ಚಿರೆಕಲ್ಲು ಸಿಮೆಂಟು ಹಾಕಿ ಗಟ್ಟಿಯಾಗಿ ಕಟ್ಟಿದ್ದೆವು. ಅಡಿಯ ಮಣ್ಣು ಕುಸಿಯಿತು, ಮೇಲಿನ ಸಿಮೆಂಟು ಹಪ್ಪಳದ ಹಾಗೆ ಮುರಿಯಿತು. ಎರಡನೇ ಸಲ ಸಿಮೆಂಟು ಬಿಟ್ಟೆವು. ಒಳಬದಿಯ ಇಳಿಜಾರನ್ನು ಒಂದಕ್ಕೆ ನಾಲ್ಕರಷ್ಟು ಉದ್ದ ಎಳೆದೆವು. ತದಡಿ ಬಂದರಿನಲ್ಲಿ ಎಸೆದ ಹಳೆ ಬಲೆ ತಂದು, ಅದರಲ್ಲಿ ಒಡೆದ ಚಿರೆಕಲ್ಲು, ಬಳಚಿನ (ಹೊಳೆಯ ಚಿಪ್ಪುಮೀನು) ಚಿಪ್ಪು ತುಂಬಿ ಮೂಟೆ ಕಟ್ಟಿ ಹಾಸಿದೆವು. ನೆಲ ಕುಸಿದರೆ ಮೂಟೆಯೂ ಜೊತೆಗೆ ಕೂರುತ್ತದೆ, ಬಿರುಕು ಬಿಡುವುದಿಲ್ಲ. ಬಲೆ ಪ್ಲಾಸ್ಟಿಕ್ ಅಲ್ವಾ ಎಂದು ಬೈಯುವವರಿದ್ದಾರೆ. ಸರಿಯೇ, ತೆಂಗಿನ ನಾರಿನ ಬಲೆಯನ್ನೂ ಒಂದು ಮೂಲೆಯಲ್ಲಿ ಹಾಕಿ ನೋಡಿದ್ದೇನೆ. ಎರಡು ಮಳೆಗಾಲಕ್ಕೆ ಕೊಳೆಯಿತು. ಮೂಟೆಯನ್ನು ಒಂದಕ್ಕೊಂದು ಹೇಗೆ ಹೆಣೆದಿದ್ದೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿದರೆ ತೋರಿಸುತ್ತೇನೆ.

ಖರ್ಚು ಹೆಚ್ಚುಕಮ್ಮಿ ಒಂದು ಲಕ್ಷ ಎಪ್ಪತ್ತು ಸಾವಿರ. ಕಲ್ಲಿಗಿಂತ ದೋಣಿ ಬಾಡಿಗೆಯೇ ಜಾಸ್ತಿ. ಕುರ್ವೆಗೆ ಜೆಸಿಬಿ ಬರುವುದಿಲ್ಲ, ಆಳು ಏಳೆಂಟುನೂರಕ್ಕೆ ಕಡಿಮೆ ಸಿಗುವುದಿಲ್ಲ. ಭರತ ನೋಡಿ ಕೆಲಸ ಮಾಡಬೇಕು, ಅರ್ಧ ದಿನದ ಕೂಲಿ ಸುಮ್ನೆ ಕೂತದ್ದಕ್ಕೇ ಹೋಗುತ್ತದೆ.

ಇನ್ನು ಜಂತ್ರಡಿ ಹಲಗೆ, ಅಂದರೆ ಒಡ್ಡಿನಲ್ಲಿ ನೀರು ಬಿಡುವ-ತಡೆಯುವ ತೂಬಿನ ಹಲಗೆ. ಕಾಳಿ, ಶರಾವತಿ ಕಡೆ ಅಣೆಕಟ್ಟು ಇದೆ, ಬಾಗಿಲು ತೆರೆಯುವ ಮುಂಚೆ ಸೂಚನೆ ಕೊಡುತ್ತಾರೆ. ನಮ್ಮ ಹೊಳೆಗೆ ಅಣೆಕಟ್ಟೇ ಇಲ್ಲ. ಸಿದ್ದಾಪುರ, ಶಿರಸಿಯಲ್ಲಿ ಬಿದ್ದ ಮಳೆ ನೇರ ನಮ್ಮ ಅಂಗಳಕ್ಕೆ. ಸಿದ್ದಾಪುರದ ನೆಂಟರೊಬ್ಬರ ಮನೆಯಲ್ಲಿ ಮಳೆಮಾಪಕ ಇದೆ, ರಾತ್ರಿ ಫೋನು ಮಾಡಿ ಅಂಕಿ ಕೇಳುತ್ತೇನೆ. ಆ ಅಂಕಿ ಮತ್ತು ನಮ್ಮ ಭರತದ ಹೊತ್ತು ಎರಡೂ ಕೂಡುವಂತಿದ್ದರೆ, ನೀರು ಏರುವ ಮುಂಚೆಯೇ ಹಲಗೆ ಎತ್ತಿ ಗದ್ದೆಗೆ ನೀರು ತುಂಬಿಸಿಕೊಳ್ಳುತ್ತೇವೆ. ಎಷ್ಟು ಮಿಲಿಮೀಟರಿಗೆ ಎತ್ತುತ್ತೇನೆ ಎಂಬುದು ನನ್ನ ಪುಸ್ತಕದಲ್ಲಿರಲಿ. ನಿಮ್ಮ ಗಜನಿಗೆ ಅದು ಹೊಂದುವುದೂ ಇಲ್ಲ. ಒಂದು ಎಚ್ಚರ: ಬಿತ್ತಿದ ಹೊಸತರಲ್ಲಿ ಇದನ್ನು ಮಾಡಬೇಡಿ, ಮೊಳಕೆಯೆಲ್ಲ ತೇಲಿಹೋಗುತ್ತದೆ. ಆಗ ಇಳಿತದಲ್ಲಿ ಹಲಗೆ ತೆಗೆದು ನೀರು ಬಸಿಯುವುದೇ ಸರಿ. ಪೈರು ಮೊಣಕಾಲು ಮುಟ್ಟಬೇಕು.

ಹೊರಬದಿಗೆ ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಹಾಕುವುದಕ್ಕೂ ಜಗಳವಾಯಿತು. ಬೇರು ಒಡ್ಡನ್ನು ಸೀಳುತ್ತದೆ ಎಂದರು. ಕಾಂಡ್ಲಾ ಬೆಳೆದರೆ ಜಾಗ ಅರಣ್ಯದವರದಾಗುತ್ತದೆ ಎಂದೂ ಹೆದರಿದರು. ಎರಡನೆಯ ಹೆದರಿಕೆ ಸುಳ್ಳೆಂದು ನಾನು ವಾದಿಸಲಿಲ್ಲ, ಒಡ್ಡಿನಿಂದ ಹತ್ತಡಿ ಬಿಟ್ಟು ನೆಟ್ಟೆವು. ಮೊದಲ ಸಾಲು ಹೊಳೆಯಲ್ಲಿ ತೇಲಿಬಂದ ಕಸ ಸುತ್ತಿಕೊಂಡು ಬಿದ್ದುಹೋಯಿತು. ಎರಡನೆಯದನ್ನು ದನ ತಿಂದವು. ಕುರ್ವೆಯಲ್ಲಿ ದನ ಈಜಿ ಬರುತ್ತವೆ ಎಂದರೆ ಪೇಟೆಯವರು ನಂಬುವುದಿಲ್ಲ! ಮುಳ್ಳು ಬೇಲಿ ಹಾಕಿದ ಮೇಲೆ ಅರ್ಧದಷ್ಟು ಉಳಿದವು. ಈಗ ಆ ಭಾಗದಲ್ಲಿ ಒಡ್ಡಿನ ಬುಡ ಸವೆಯುವುದು ಕಣ್ಣಿಗೆ ಕಾಣುವಷ್ಟು ಕಮ್ಮಿ.

ಮಧ್ಯೆ ಒಂದು ಹುಚ್ಚು: ಕೇರಳದ ಪೊಕ್ಕಾಳಿ ಬೀಜ ತರಿಸಿ ಹತ್ತು ಗುಂಟೆಗೆ ಹಾಕಿದ್ದೆ. ಅದೂ ಉಪ್ಪು ತಡೆಯುವ ಭತ್ತವೇ. ಬೆಳೆಯಿತು, ಆದರೆ ನಮ್ಮ ಕರಿಕಗ್ಗದ ಗಂಜಿಯ ರುಚಿ ಮನೆಯಲ್ಲಿ ಯಾರಿಗೂ ಸಿಗಲಿಲ್ಲ. ಬಿಟ್ಟೆ.

ಪರೀಕ್ಷೆ ಬಂದದ್ದು 2024ರ ಜುಲೈನಲ್ಲಿ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಅದೇ ವಾರ. ಹಲಗೆ ಮೊದಲೇ ಎತ್ತಿದ್ದೆವು. ರಾತ್ರಿ ನೀರು ಇಳಿಸಿದ ಜಾಗದಿಂದಲೇ ಒಳಗೆ ಬಂತು, ಸದ್ದೇ ಇಲ್ಲ. ಗದ್ದೆ ನಾಲ್ಕೈದು ದಿನ ಮುಳುಗಿತ್ತು. ಇಳಿದ ಮೇಲೆ ನೋಡಿದರೆ ಐದಾರು ಮೂಟೆ ಜರುಗಿದ್ದವು, ಒಡ್ಡಿಗೆ ಒಂದು ಬಿರುಕಿಲ್ಲ. ಪಕ್ಕದ ಗಜನಿಯಲ್ಲಿ ಎರಡು ಕಡೆ ಬಾಯಿ ಬಿಟ್ಟಿತ್ತು. ಆ ವರ್ಷ ನಮಗೆ ಎಕರೆಗೆ ಆರೇಳು ಕ್ವಿಂಟಲ್ ಬಂತು. ಒಡ್ಡು ಗಟ್ಟಿ ಇದ್ದುದರಿಂದ ಸಿಗಡಿ ಹರಾಜೂ ಮೇಲೆ ಹೋಯಿತು, ಕಲ್ಲಿನ ದುಡ್ಡು ಅದರಲ್ಲೇ ತೀರಿತು.

ಸಭೆಯಲ್ಲಿ ಕೇಳಿದ ಆ ಹಿರಿಯರು ಈಗ ತೆಂಕಣ ಬದಿಯಲ್ಲೂ ಒಂದು ಇಳಿಸು ಎನ್ನುತ್ತಿದ್ದಾರೆ. ಅಲ್ಲಿ ಸೆಳೆತ ಜಾಸ್ತಿ, ಅರವತ್ತಡಿ ಸಾಲದು, ನೂರಾದರೂ ಬೇಕು. ಬಲೆ ಸಿಕ್ಕಿದೆ, ಚಿಪ್ಪು ಸಿಕ್ಕಿದೆ. ದೋಣಿಯವನು ಮಾತ್ರ ಹಳೆ ಬಾಡಿಗೆಗೆ ಒಪ್ಪುತ್ತಿಲ್ಲ.