ಫಾಸ್ಫೋ-ಎರ್ಕ್ ಸ್ಟೇನ್ ಮಾಡೋಕೆ ಹೋಗಿ ಎರಡು ತಿಂಗಳು ಒದ್ದಾಡಿದ್ದು
ಪಿಎಚ್‌ಡಿ ಎರಡನೇ ವರ್ಷದಲ್ಲಿ ನಂಗೆ ಸಿಕ್ಕಿದ ಕೆಲಸ ಬ್ರೆಸ್ಟ್ ಟ್ಯೂಮರ್ ಸೆಕ್ಷನ್‌ಗಳಲ್ಲಿ (ಗಡ್ಡೆಯಿಂದ ಕೊಯ್ದ ತೆಳು ಪದರಗಳಲ್ಲಿ) ಫಾಸ್ಫೋ-ಎರ್ಕ್, ಅಂದ್ರೆ ಫಾಸ್ಫೇಟ್ ಕೂತಿರೋ ಎರ್ಕ್, ನೋಡೋದು. ಎರ್ಕ್ ಅಂದ್ರೆ ಹೊರಗಿಂದ ಬಂದ 'ಬೆಳಿ' ಅನ್ನೋ ಸುದ್ದಿನ ನ್ಯೂಕ್ಲಿಯಸ್‌ವರೆಗೂ ಮುಟ್ಟಿಸೋ ಪ್ರೋಟೀನ್, ಥ್ರಿಯೋನಿನ್ 202 ಮತ್ತೆ ಟೈರೋಸಿನ್ 204 ಎರಡೂ ಕಡೆ ಫಾಸ್ಫೇಟ್ ಕೂತ್ರೆ ಅದು ಪೂರ್ತಿ ಆನ್, ನಮ್ಮ ಮೊಲದ ಆಂಟಿಬಾಡಿ ಹಿಡಿಯೋದು ಆ ಫಾಸ್ಫೇಟ್ ಇರೋದನ್ನ ಮಾತ್ರ. ಹಿಡಿದ ಕಡೆ ಸ್ಲೈಡ್‌ನಲ್ಲಿ ಕಂದು ಬಣ್ಣ ಬರ್ಬೇಕು.

ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರೆ ಮಾಡಿ ಆಂಟಿಬಾಡಿಯಿಂದ ಹುಡುಕೋ ಪರೀಕ್ಷೆ) ಎರ್ಕ್ ಇರ್ಬೇಕಾದ 44, 42 ಕಿಲೋಡಾಲ್ಟನ್ ಹತ್ರ ಜೋಡಿ ಬ್ಯಾಂಡ್ ಚೆನ್ನಾಗೇ ಬಂತು. ಟಿಶ್ಯೂಗೆ ಹಾಕಿದ್ರೆ ಬರೀ ನೀಲಿ, ಅಂದ್ರೆ ನ್ಯೂಕ್ಲಿಯಸ್ ಕಾಣಲಿ ಅಂತ ಹಾಕೋ ಹೆಮಟಾಕ್ಸಿಲಿನ್ ಬಣ್ಣ ಮಾತ್ರ. ಆಂಟಿಬಾಡಿ ಜಾಸ್ತಿ ಹಾಕ್ದೆ, 1:400ರಿಂದ 1:100ಕ್ಕೆ, ಸ್ಲೈಡ್ ಪೂರ್ತಿ ಕಾಫಿ ಚೆಲ್ಲಿದಂಗಾಯ್ತು. ಬ್ಲಾಕಿಂಗ್‌ಗೆ (ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಅಂಟದಿರಲಿ ಅಂತ ಮೊದಲೇ ಬೇರೆ ಪ್ರೋಟೀನ್ ಹಚ್ಚೋದು) ಹಾಲಿನ ಪುಡಿ ಬಳಸ್ತಿದ್ದೆ, ಸೀನಿಯರ್ ಅಕ್ಕ ನೋಡಿ "ಹಾಲಲ್ಲಿರೋ ಕೇಸಿನ್ನೇ ಫಾಸ್ಫೋಪ್ರೋಟೀನ್ ಕಣೋ, ಬಿಎಸ್ಎ ಹಾಕು" ಅಂತ ಬೈದ್ರು (ಬಿಎಸ್ಎ ಅಂದ್ರೆ ದನದ ರಕ್ತದ ಆಲ್ಬುಮಿನ್ ಪ್ರೋಟೀನ್). ಫಾರ್ಮಲಿನ್‌ನಿಂದ ಮುಚ್ಚಿಹೋದ ಪ್ರೋಟೀನ್ ಆಂಟಿಬಾಡಿಗೆ ಸಿಗಲಿ ಅಂತ ಸ್ಲೈಡ್ ಕುದಿಸ್ತೀವಿ, ಅದಕ್ಕೆ ಪ್ರೆಶರ್ ಕುಕ್ಕರ್‌ನಲ್ಲಿ (ಹೌದು, ಅಡುಗೆ ಮನೆದೇ) ಸಿಟ್ರೇಟ್ ಬಫರ್ ಪಿಎಚ್ 6 ಬಿಟ್ಟು ಇಡಿಟಿಎ ಪಿಎಚ್ 9 ಹಾಕಿ ಕುದಿಸಿದೆ, ಅವಸರಕ್ಕೆ ಬಿಸಿ ಸ್ಲೈಡ್‌ನ ತಣ್ಣೀರಿಗೆ ಹಾಕಿ ಎರಡು ಸೆಕ್ಷನ್ ಎದ್ದೂ ಹೋದ್ವು.

ಉಳಿದಿದ್ರಲ್ಲಿ ಒಂದನ್ನ 4ಎಕ್ಸ್‌ನಲ್ಲಿ ಇಟ್ಟು ನೋಡ್ತೀನಿ, ಸುತ್ತ ಮಾತ್ರ ಸೀರೆ ಅಂಚಿನ ಥರ ತೆಳ್ಳಗೆ ಕಂದು, ಒಡಲೆಲ್ಲ ನೀಲಿ. ಟ್ಯೂಮರ್ ಹಿಂಗೆ ಅಂಚು ಕಟ್ಕೊಂಡು ಬೆಳೆಯಲ್ಲ ಅಲ್ವಾ, ಆಗ ಹೊಳೀತು. ಟಿಶ್ಯೂ ಕೆಡದಂಗೆ ಹಿಡಿದಿಡೋ ಫಾರ್ಮಲಿನ್ ಒಳಗೆ ಇಳಿಯೋದು ಗಂಟೆಗೆ ಹೆಚ್ಚುಕಮ್ಮಿ 1 ಮಿಲಿಮೀಟರ್, ಅದು ನಡುವಿಗೆ ಮುಟ್ಟೋದ್ರೊಳಗೆ ಅಲ್ಲಿನ ಫಾಸ್ಫಟೇಸ್‌ಗಳು ಫಾಸ್ಫೇಟ್‌ನೆಲ್ಲ ಕಿತ್ತು ಹಾಕಿರ್ತವೆ. ವಿಚಾರಿಸಿದ್ರೆ ಓಟಿಯಿಂದ (ಆಪರೇಷನ್ ಥಿಯೇಟರ್) ಬಂದ ಗಡ್ಡೆನ ಸಲೈನ್ ಬಟ್ಟೆಲಿ ಸುತ್ತಿ ಇಡ್ತಿದ್ರಂತೆ, ಕೆಲವು ಸಲ ಒಂದೂವರೆ ಗಂಟೆ, ಆಮೇಲೆ ಕೊಯ್ಯದೇನೇ ಇಡಿಯಾಗಿ ಡಬ್ಬಿಗೆ.

ಅವತ್ತಿಂದ ನಾನೇ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಬಾಟ್ಲಿ ಹಿಡ್ಕೊಂಡು ಓಟಿ ಬಾಗಿಲಲ್ಲಿ ನಿಲ್ತಿದ್ದೆ. ಪೆಥಾಲಜಿ ಮೇಡಂ ಮಾರ್ಜಿನ್‌ಗೆ ಇಂಕ್ ಹಾಕಿ ಒಂದು ಚೂರು ಕೊಯ್ದು ಕೊಡೋರು, 3 ಮಿಲಿಮೀಟರ್‌ಗಿಂತ ದಪ್ಪ ಬೇಡ ಅಂತ ಕೇಳ್ಕೊಂಡಿದ್ದೆ, ಬಾಟ್ಲಿ ಮೇಲೆ ಟೈಮ್ ಬರೆದು ಮುಳುಗಿಸಿ 24 ಗಂಟೆ ಬಿಟ್ಟು ಪ್ರಾಸೆಸಿಂಗ್‌ಗೆ. ಮೊದಲ ಬ್ಲಾಕ್‌ನಲ್ಲೇ ನಡುವಿನ ನ್ಯೂಕ್ಲಿಯಸ್‌ಗಳು ಕಂದಾಗಿ ಎದ್ದು ಕಾಣಿಸ್ತು. ಖುಷಿಪಡೋ ಮುಂಚೆ ಪಕ್ಕದ ಸೆಕ್ಷನ್‌ಗೆ ಲ್ಯಾಂಬ್ಡಾ ಫಾಸ್ಫಟೇಸ್ (ಫಾಸ್ಫೇಟ್ ಕಿತ್ತು ಹಾಕೋ ಕಿಣ್ವ) ಹಾಕಿ ಆಮೇಲೆ ಸ್ಟೇನ್ ಮಾಡ್ದೆ, ಬಣ್ಣ ಹೋಯ್ತು. ಅಂದ್ರೆ ಹಿಡೀತಿರೋದು ಫಾಸ್ಫೇಟ್‌ನೇ.

ಹಳೇ ಬ್ಲಾಕ್‌ಗಳಲ್ಲಿ ಟೋಟಲ್ ಎರ್ಕ್ (ಫಾಸ್ಫೇಟ್ ಇರಲಿ ಬಿಡಲಿ, ಇರೋ ಎರ್ಕ್ ಎಲ್ಲ) ಮಾತ್ರ ನೋಡಿ, ಎಕ್ಸೆಲ್‌ನಲ್ಲಿ ಫಾಸ್ಫೋ ಕಾಲಂ ಖಾಲಿ ಬಿಟ್ಟೆ. "ನೆಗೆಟಿವ್ ಅಂತ ಬರೀಬಹುದಲ್ಲಪ್ಪ" ಅಂದ್ರು ಗೈಡ್. ಆಗಲ್ಲ ಸಾರ್ ಅಂತ ಆ ಅಂಚಿನ ಸ್ಲೈಡ್ ತೋರಿಸ್ದೆ.